ಎಸ್ಸೆಸ್ಸೆಲ್ಸಿಯಿಂದ ನರ್ಸ್ ಆಗುವವರೆಗೆ: ರಾಯಚೂರು, ಕೊಪ್ಪಳ, ಬಳ್ಳಾರಿ ಮಕ್ಕಳಿಗೆ ಒಂದು ದಾರಿ

"ಅಕ್ಕಾ, ನಾ ನರ್ಸ್ ಆಗ್ಬೇಕು. ಏನ್ ಓದ್ಬೇಕು?"

ಮೇ ತಿಂಗಳು ಬಂತೆಂದರೆ ಈ ಪ್ರಶ್ನೆ ಕೇಳುವ ಫೋನ್ ಶುರುವಾಗುತ್ತದೆ. ಸಿಂಧನೂರು, ಕುಷ್ಟಗಿ, ಸಿರುಗುಪ್ಪ, ದೇವದುರ್ಗ, ಎಲ್ಲ ಕಡೆಯಿಂದ. ಕೇಳುವವರು ಹೆಚ್ಚಾಗಿ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು. ಇಲ್ಲವೆಂದರೆ ಅವರ ಅವ್ವಂದಿರು. ಡ್ಯೂಟಿ ಮಧ್ಯೆ ಫೋನಿನಲ್ಲಿ ಅರ್ಧಂಬರ್ಧ ಹೇಳಿ ಇಡುವುದು ನನಗೂ ಸಮಾಧಾನ ಕೊಡುವುದಿಲ್ಲ. ಅದಕ್ಕೇ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನಾನೂ ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಈ ಕೆಲಸಕ್ಕೆ ಬಂದವಳು. ನಿಮ್ಮ ಮನೆಯಲ್ಲಿ ಏಳುವ ಪ್ರಶ್ನೆಗಳು ನನಗೆ ಗೊತ್ತು.

1. ಯಾವ ಓದು ನಿಜವಾಗಿ ನರ್ಸ್ ಮಾಡುತ್ತದೆ, ಅದನ್ನು ಮೊದಲು ತಿಳಿಯಿರಿ

ಯಾವ ಕೋರ್ಸ್ ಬಗ್ಗೆ ಯಾರು ಹೇಳಿದರೂ ಒಂದೇ ಪ್ರಶ್ನೆ ಕೇಳಿ: "ಇದನ್ನು ಮುಗಿಸಿದರೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ರಿಜಿಸ್ಟ್ರೇಷನ್ ಆಗುತ್ತದೆಯೇ?" ಈ ಪರಿಷತ್ತನ್ನು ಎಲ್ಲರೂ ನರ್ಸಿಂಗ್ ಕೌನ್ಸಿಲ್ ಎನ್ನುತ್ತಾರೆ. ಅಲ್ಲಿ ನಿಮ್ಮ ಹೆಸರಿಗೆ ಒಂದು ನಂಬರ್ ಬಿದ್ದರೆ ನೀವು ನರ್ಸ್. ಸರ್ಕಾರಿ ನೌಕರಿ, ದೊಡ್ಡ ಆಸ್ಪತ್ರೆ, ವಿದೇಶ, ಎಲ್ಲದಕ್ಕೂ ಕೇಳುವುದು ಆ ನಂಬರನ್ನೇ.

ಆ ನಂಬರ್ ಕೊಡಿಸುವ ಓದು ಮೂರೇ ಮೂರು.

ಎಎನ್‌ಎಂ ಅಂದರೆ ಸಹಾಯಕ ನರ್ಸ್, ಸೂಲಗಿತ್ತಿ ತರಬೇತಿ, 2 ವರ್ಷದ್ದು. ಊರಿನ ಆರೋಗ್ಯ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಬಸುರಿಯರನ್ನು ನೋಡಿಕೊಳ್ಳುವ ಸಿಸ್ಟರ್ ಓದಿರುವುದು ಇದನ್ನೇ. ಇದಕ್ಕೆ ಹೆಣ್ಣುಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಪಿಯುಸಿ ಯಾವ ವಿಭಾಗದಲ್ಲಿ ಪಾಸಾಗಿದ್ದರೂ ನಡೆಯುತ್ತದೆ.

ಜಿಎನ್‌ಎಂ ಅಂದರೆ ಜನರಲ್ ನರ್ಸಿಂಗ್ ಮತ್ತು ಹೆರಿಗೆ ಆರೈಕೆ, 3 ವರ್ಷದ ಡಿಪ್ಲೊಮಾ. ಇದಕ್ಕೂ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತದೆ. ಪಿಯುಸಿಯಲ್ಲಿ ಇಂಗ್ಲಿಷ್ ಇರಬೇಕು, ಕನಿಷ್ಠ ನೂರಕ್ಕೆ 40 ಅಂಕ ಬಂದಿರಬೇಕು. ಹುಡುಗರೂ ಸೇರಬಹುದು.

ಬಿ.ಎಸ್ಸಿ ನರ್ಸಿಂಗ್ 4 ವರ್ಷದ ಡಿಗ್ರಿ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿರಲೇಬೇಕು. ಈ ಮೂರು ಸೇರಿ ನೂರಕ್ಕೆ 45 ಬಂದಿರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ 40 ಸಾಕು. ಇಂಗ್ಲಿಷ್‌ನಲ್ಲೂ ಪಾಸಾಗಿರಬೇಕು. ಈಗ ಇದು ಸೆಮಿಸ್ಟರ್ ಪದ್ಧತಿ, ಒಟ್ಟು 8 ಸೆಮಿಸ್ಟರ್.

ಮೂರಕ್ಕೂ ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು.

ಇಲ್ಲೇ ನಮ್ಮ ಕಡೆಯ ಮಕ್ಕಳು ಎಡವುವುದು. ಬಸ್ ಸ್ಟ್ಯಾಂಡ್ ಹತ್ತಿರ "ಎಸ್ಸೆಸ್ಸೆಲ್ಸಿ ಪಾಸ್ ಅಥವಾ ಫೇಲ್, 6 ತಿಂಗಳಲ್ಲಿ ನರ್ಸಿಂಗ್" ಅಂತ ಬೋರ್ಡ್ ನೋಡಿರುತ್ತೀರಿ ಅಲ್ವಾ? ಅಂಥ ಕಡೆ ಕಲಿಸುವುದು ನರ್ಸಿಂಗ್ ಸಹಾಯಕರ ಕೆಲಸ: ರೋಗಿಯನ್ನು ಎಬ್ಬಿಸುವುದು, ಒರೆಸುವುದು, ಹಾಸಿಗೆ ಬದಲಿಸುವುದು. ಅದೂ ಗೌರವದ ಕೆಲಸವೇ, ಆಸ್ಪತ್ರೆಗೆ ಬೇಕೇ ಬೇಕು. ಆದರೆ ಅದರಿಂದ ಕೌನ್ಸಿಲ್ ನಂಬರ್ ಸಿಗುವುದಿಲ್ಲ. ಹತ್ತು ವರ್ಷ ದುಡಿದರೂ ಸ್ಟಾಫ್ ನರ್ಸ್ ಆಗುವುದಿಲ್ಲ. ಹಾಗೆಯೇ ಎಸ್ಸೆಸ್ಸೆಲ್ಸಿ ಆದಮೇಲೆ ಸೇರುವ ಲ್ಯಾಬ್ ಟೆಕ್ನಿಷಿಯನ್, ಎಕ್ಸ್‌ರೇ ಮುಂತಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳು ಒಳ್ಳೆಯವೇ, ಆದರೆ ಅವು ಬೇರೆ ದಾರಿ. ಎಸ್ಸೆಸ್ಸೆಲ್ಸಿಯಿಂದ ನೇರವಾಗಿ ನರ್ಸಿಂಗ್‌ಗೆ ಹೋಗಲು ಈಗ ಬರುವುದಿಲ್ಲ. ಪಿಯುಸಿ ಮುಗಿಸಲೇಬೇಕು.

ಹಾಗಾದರೆ ಯಾವುದು ಒಳ್ಳೆಯದು? ಸೈನ್ಸ್ ಓದುವ ಶಕ್ತಿ, ಮನೆಯಲ್ಲಿ ನಾಲ್ಕು ವರ್ಷ ತಡೆದುಕೊಳ್ಳುವ ಅನುಕೂಲ ಎರಡೂ ಇದ್ದರೆ ಬಿ.ಎಸ್ಸಿ ಮಾಡಿ. ಅನುಕೂಲ ಇಲ್ಲದಿದ್ದರೆ ಜಿಎನ್‌ಎಂ ಮಾಡಿ ಕೆಲಸಕ್ಕೆ ಸೇರಿ. ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಅಂತ 2 ವರ್ಷದ ಓದಿದೆ, ಅದು ಜಿಎನ್‌ಎಂ ಆದವರಿಗೆಂದೇ ಇರುವುದು. ಜಿಎನ್‌ಎಂ ಮಾಡಿದರೆ ಅಲ್ಲಿಗೇ ನಿಂತುಹೋಗುತ್ತೇವೆ ಎಂಬ ಭಯ ಬೇಡ.

2. ಹೈಸ್ಕೂಲಿನಲ್ಲಿ ಇರುವಾಗಲೇ ಕೆಲಸವನ್ನು ಕಣ್ಣಾರೆ ನೋಡಿ

ಬಿಳಿ ಡ್ರೆಸ್ ನೋಡಿ ಆಸೆಪಟ್ಟು ಸೇರಿ, ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಮೊದಲ ವಾರ್ಡ್ ಪೋಸ್ಟಿಂಗ್‌ನಲ್ಲೇ ಅತ್ತು ಮನೆಗೆ ಹೋದವರನ್ನು ನೋಡಿದ್ದೇನೆ. ಹಾಗೆ ಆಗಬಾರದು. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ದಿನ ಹೋಗಿ. ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಲಸಿಕೆ ಹಾಕುವ ದಿನ ಅಂಗನವಾಡಿಯಲ್ಲಿ ಕೂತು ನೋಡಿ. ಅಳುವ ಮಗು, ಗಾಬರಿಯಾದ ತಾಯಿ, ಐಸ್ ಪ್ಯಾಕ್ ಇಟ್ಟ ಲಸಿಕೆ ಡಬ್ಬಿ, ಒಂದೊಂದು ಹೆಸರನ್ನೂ ತಾಯಿ ಕಾರ್ಡಿನಲ್ಲಿ ಬರೆಯುವ ಸಿಸ್ಟರ್. ಅವರು ಮಾತಾಡಿಸುತ್ತಲೇ ಸೂಜಿ ಚುಚ್ಚಿ ಮುಗಿಸಿರುತ್ತಾರೆ. ಅದನ್ನು ನೋಡುವಾಗ "ನಾನೂ ಇದನ್ನು ಮಾಡಬೇಕು" ಅನ್ನಿಸಿದರೆ ಮುಂದೆ ಓದಿ.

ಯಾವ ವಿಷಯ ಗಟ್ಟಿ ಮಾಡಿಕೊಳ್ಳಬೇಕು ಅಂತಲೂ ಕೇಳುತ್ತೀರಿ. ಜೀವಶಾಸ್ತ್ರ ಸರಿ. ಆದರೆ ಏಳನೇ ಕ್ಲಾಸಿನ ಲೆಕ್ಕ ಬಿಡಬೇಡಿ. ಒಂದು ಉದಾಹರಣೆ ಕೊಡುತ್ತೇನೆ. ಡಾಕ್ಟರ್ ಕೇಸ್ ಶೀಟಿನಲ್ಲಿ "500 ಎಂ.ಎಲ್. ಸಲೈನ್, 4 ಗಂಟೆಯಲ್ಲಿ" ಅಂತ ಬರೆದಿದ್ದಾರೆ ಅಂದುಕೊಳ್ಳಿ. ನಮ್ಮ ಕೈಯಲ್ಲಿರುವ ಡ್ರಿಪ್ ಸೆಟ್‌ನಲ್ಲಿ 1 ಎಂ.ಎಲ್.ಗೆ 20 ಹನಿ. ಹಾಗಾದರೆ 500 ಎಂ.ಎಲ್.ಗೆ 10,000 ಹನಿ. 4 ಗಂಟೆ ಎಂದರೆ 240 ನಿಮಿಷ. ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ನರ್ಸ್ ಗಡಿಯಾರ ಹಿಡಿದು, ಬಾಟಲಿಯ ಕೆಳಗಿನ ಆ ಪುಟ್ಟ ಕೊಳವೆಯಲ್ಲಿ ಬೀಳುವ ಹನಿ ಎಣಿಸುತ್ತಾ, ಚಕ್ರವನ್ನು ಬೆರಳಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾಳೆ. ಹಾರ್ಟ್ ತೊಂದರೆ ಇರುವ ಮುದುಕರಿಗೆ ಸಲೈನ್ ಜೋರಾಗಿ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಉಸಿರು ಕಟ್ಟುತ್ತದೆ. ಆ ಲೆಕ್ಕದ ಮೇಲೆ ಒಂದು ಜೀವ ನಿಂತಿರುತ್ತದೆ. ಹೇಳಿ, ಗುಣಾಕಾರ ಭಾಗಾಕಾರ ಸಣ್ಣ ವಿಷಯವೇ?

ಇನ್ನೊಂದು ವಿಷಯದಲ್ಲಿ ನೀವು ಈಗಲೇ ಬೇರೆಯವರಿಗಿಂತ ಮುಂದಿದ್ದೀರಿ. ನಮ್ಮ ವಾರ್ಡ್‌ಗಳಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳುತ್ತವೆ. ನಮ್ಮ ಕಡೆ ಮಕ್ಕಳಿಗೆ ಆಡುತ್ತಾಡುತ್ತಾ ಎರಡಾದರೂ ಬರುತ್ತವೆ. "ಎಲ್ಲಿ ನೋಯುತ್ತೆ?" ಅಂತ ರೋಗಿಯ ಮಾತಿನಲ್ಲೇ ಕೇಳಿದರೆ ಅರ್ಧ ಭಯ ಹೋಗುತ್ತದೆ. ಅದನ್ನು ಬೆಳೆಸಿಕೊಳ್ಳಿ.

3. ಪಿಯುಸಿ ಆರಿಸುವಾಗ

ಬಿ.ಎಸ್ಸಿ ಬೇಕೆಂದರೆ ಸೈನ್ಸ್ ತೆಗೆದುಕೊಳ್ಳಿ, ಅದರಲ್ಲಿ ಬಯಾಲಜಿ ಇರಲಿ. ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತೆಗೆದುಕೊಂಡರೆ ಬೇರೆ ದಾರಿಗಳೂ ತೆರೆದಿರುತ್ತವೆ. ಮ್ಯಾಥ್ಸ್ ಬೇಡವೆಂದರೆ ಅದರ ಬದಲು ಬೇರೆ ವಿಷಯ ಕೊಡುವ ಕಾಲೇಜು ಹುಡುಕಿ, ನರ್ಸಿಂಗ್‌ಗೆ ಮ್ಯಾಥ್ಸ್ ಕಡ್ಡಾಯವಲ್ಲ. ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆ ಬಿ.ಎಸ್ಸಿ ನರ್ಸಿಂಗ್ ಬಾಗಿಲು ಮುಚ್ಚಿದಂತೆ.

ಸೈನ್ಸ್ ಭಯವಿದ್ದರೆ ಸುಮ್ನೆ ಬಲವಂತ ಮಾಡಿಕೊಳ್ಳಬೇಡಿ. ಸೈನ್ಸ್‌ನಲ್ಲಿ ಫೇಲಾಗಿ ಎರಡು ವರ್ಷ ಕಳೆಯುವುದಕ್ಕಿಂತ ಆರ್ಟ್ಸ್‌ನಲ್ಲಿ ಒಳ್ಳೆಯ ಅಂಕ ತೆಗೆದು ಜಿಎನ್‌ಎಂ ಸೇರುವುದು ಮೇಲು. ಒಂದು ವೇಳೆ ಪಿಯುಸಿ ಪರೀಕ್ಷೆ ಕೈಕೊಟ್ಟರೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಫಲಿತಾಂಶದ ದಿನವೇ ಮದುವೆ ಮಾತು ತೆಗೆಯುವ ಮನೆಗಳು ನಮ್ಮ ಕಡೆ ಇನ್ನೂ ಇವೆ. ಅವ್ವ, ಅಪ್ಪನಿಗೆ ಈ ವಿಷಯ ಮೊದಲೇ ಹೇಳಿಟ್ಟಿರಿ.

4. ಕಾಗದಪತ್ರ: ಒಂದು ವರ್ಷ ಮೊದಲೇ ಶುರು ಮಾಡಿ

ಸೀಟು ಕೈ ತಪ್ಪುವುದು ಅಂಕ ಕಮ್ಮಿಯಾಗಿ ಅಷ್ಟೇ ಅಲ್ಲ, ಕಾಗದ ಇಲ್ಲದೆಯೂ ತಪ್ಪುತ್ತದೆ. ಅದರಲ್ಲೂ ನಮ್ಮ ಮೂರು ಜಿಲ್ಲೆಯವರಿಗೆ ಒಂದು ಕಾಗದ ಬಂಗಾರದಂಥದ್ದು. ಅದು 371(ಜೆ) ಅರ್ಹತಾ ಪ್ರಮಾಣಪತ್ರ. ಹಿಂದುಳಿದ ಹೈದರಾಬಾದ್ ಕರ್ನಾಟಕಕ್ಕೆಂದು ಸಂವಿಧಾನಕ್ಕೆ 2012ರ ತಿದ್ದುಪಡಿಯಿಂದ ಸೇರಿಸಿದ ವಿಧಿ ಇದು. ಈಗ ಕಲ್ಯಾಣ ಕರ್ನಾಟಕ ಎನ್ನುತ್ತೇವೆ. ಇದರಿಂದ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು, ರಾಜ್ಯದ ಉಳಿದ ಕಡೆ ನೂರಕ್ಕೆ 8 ಸೀಟು ನಮ್ಮ ಮಕ್ಕಳಿಗೆ ಮೀಸಲು. ಮುಂದೆ ನೌಕರಿಯಲ್ಲೂ ಉಪಯೋಗಕ್ಕೆ ಬರುತ್ತದೆ. ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ.

ಈ ಪತ್ರ ಕೊಡುವವರು ಸಹಾಯಕ ಆಯುಕ್ತರು, ಅಂದರೆ ನಾವು ಎ.ಸಿ. ಸಾಹೇಬರು ಎನ್ನುವವರು. ರಾಯಚೂರು ಜಿಲ್ಲೆಯಲ್ಲಿ ಅವರ ಆಫೀಸು ರಾಯಚೂರು, ಲಿಂಗಸುಗೂರು ಎರಡೂ ಕಡೆ ಇದೆ. ನಿಮ್ಮ ತಾಲ್ಲೂಕು ಯಾವುದಕ್ಕೆ ಬರುತ್ತದೆ ಅಂತ ಮೊದಲೇ ಕೇಳಿ, ಸುಮ್ನೆ ಬಸ್ ಚಾರ್ಜ್ ಕಳೆದುಕೊಳ್ಳಬೇಡಿ. ಕಾಗದ ನೋಡಿ, ಪರಿಶೀಲಿಸಿ ಸಹಿಯಾಗುವ ಹೊತ್ತಿಗೆ ವಾರಗಳು ಹಿಡಿಯುತ್ತವೆ. ಸೀಟು ಹಂಚುವ ಕೌನ್ಸೆಲಿಂಗ್‌ಗೆ ನಾಲ್ಕು ದಿನ ಇರುವಾಗ ಓಡಿದರೆ ಆಗುವುದಿಲ್ಲ. ಪಿಯುಸಿ ಮೊದಲ ವರ್ಷದಲ್ಲೇ ಅರ್ಜಿ ಹಾಕಿ.

ಉಳಿದವು ಇವು. ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ; ಅದರ ಮೇಲಿನ ಆರ್‌ಡಿ ನಂಬರನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಎಲ್ಲ ಅರ್ಜಿಗೂ ಕೇಳುತ್ತಾರೆ. 1ರಿಂದ 10ನೇ ತರಗತಿ ಪೂರ್ತಿ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಪೂರ್ತಿ ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಪ್ರಮಾಣಪತ್ರ. ಇವಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಎರಡೂ ಬೇಕು. ಎರಡು ಮೂರು ಶಾಲೆ ಬದಲಿಸಿದವರು ಪ್ರತಿ ಶಾಲೆಯಿಂದಲೂ ತರಬೇಕು. ದುಡಿಯಲು ಬೆಂಗಳೂರಿಗೆ ಹೋಗಿಬಂದ ಕುಟುಂಬದ ಮಕ್ಕಳಿಗೆ ಇದು ಬಹಳ ಕಾಡುತ್ತದೆ, ಹಾಗಾಗಿ ಅವರು ಎಲ್ಲರಿಗಿಂತ ಮೊದಲು ಹೊರಡಬೇಕು.

ಮತ್ತೆ ಹೆಸರು. ನನ್ನ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮುಂದೆ ಇನಿಷಿಯಲ್ ಇತ್ತು, ಇನ್ನೊಂದು ಕಾಗದದಲ್ಲಿ ಅದು ಇರಲಿಲ್ಲ. ಆ ಒಂದು ಅಕ್ಷರದಿಂದ ನನ್ನ ಒಂದು ವರ್ಷದ ವಿದ್ಯಾರ್ಥಿವೇತನ ಹೋಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಮಾಸ್ತರು ಪಟ್ಟಿ ತೋರಿಸುತ್ತಾರೆ. ಆ ದಿನ ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ, ಹುಟ್ಟಿದ ತಾರೀಖು, ತಂದೆ ತಾಯಿ ಹೆಸರು ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ.

5. ಅರ್ಜಿ ಹಾಕುವುದು

ಬಿ.ಎಸ್ಸಿ ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಎಂಬ ಪ್ರವೇಶ ಪರೀಕ್ಷೆಯ ಮೂಲಕ ಹಂಚುತ್ತದೆ. ಬಹಳ ಮಂದಿ "ಸಿಇಟಿ ಇಂಜಿನಿಯರಿಂಗ್‌ಗೆ ಅಷ್ಟೇ" ಅಂದುಕೊಂಡು ಅರ್ಜಿಯನ್ನೇ ಹಾಕುವುದಿಲ್ಲ. ಆಮೇಲೆ ಸಾವಿರಾರು ರೂಪಾಯಿ ಜಾಸ್ತಿ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿಯುತ್ತಾರೆ. ಪಿಯುಸಿ ಪರೀಕ್ಷೆಗೂ ಮುಂಚೆಯೇ, ಚಳಿಗಾಲದಲ್ಲೇ, ಅರ್ಜಿ ಕರೆಯುತ್ತಾರೆ. ಅರ್ಜಿಯಲ್ಲಿ ಕೋರ್ಸ್ ಆರಿಸುವ ಜಾಗದಲ್ಲಿ ನರ್ಸಿಂಗ್ ಗುರುತು ಹಾಕಲು ಮರೆಯಬೇಡಿ. 371(ಜೆ), ಗ್ರಾಮೀಣ, ಕನ್ನಡ ಮಾಧ್ಯಮ, ಇವನ್ನೂ ಅಲ್ಲೇ ಕೇಳುತ್ತಾರೆ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿಸುವವರು ನಿಮ್ಮದೇ ಮೊಬೈಲ್ ನಂಬರ್ ಕೊಡಿ, ಅಂಗಡಿಯವರದಲ್ಲ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಒಟಿಪಿ ಬೇರೆಯವರ ಫೋನಿಗೆ ಹೋಗಿ ಕಾಲೇಜು ಆಯ್ಕೆ ಮಾಡುವ ಕೊನೆಯ ದಿನ ತಪ್ಪಿಸಿಕೊಂಡವರು ಇದ್ದಾರೆ.

ಜಿಎನ್‌ಎಂ, ಎಎನ್‌ಎಂಗೆ ನೋಡುವುದು ಪಿಯುಸಿ ಅಂಕ. ಪ್ರಕಟಣೆಗೆ ಕಣ್ಣಿಟ್ಟಿರಿ.

6. ಕಾಲೇಜನ್ನು ಕಾಲಲ್ಲಿ ಹೋಗಿ ನೋಡಿ

ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ (ಜನ ಈಗಲೂ ವಿಮ್ಸ್ ಎನ್ನುವುದು), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಈ ಮೂರು ದೊಡ್ಡ ಸರ್ಕಾರಿ ಬೋಧನಾ ಆಸ್ಪತ್ರೆಗಳು ನಮ್ಮ ಮನೆ ಬಾಗಿಲಲ್ಲೇ ಇವೆ. ಸರ್ಕಾರಿ ಸೀಟು ಸಿಕ್ಕರೆ ಎರಡನೇ ಯೋಚನೆ ಬೇಡ. ಖಾಸಗಿ ಕಾಲೇಜಾದರೆ ಸೇರುವ ಮುಂಚೆ ಅಪ್ಪನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ ಇವನ್ನು ಕೇಳಿ.

ನಿಮ್ಮ ಆಸ್ಪತ್ರೆ ಯಾವುದು, ಎಷ್ಟು ಹಾಸಿಗೆ? ನರ್ಸಿಂಗ್ ಕಾಲೇಜಿಗೆ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕೆಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಅಳತೆ. ಆ ಆಸ್ಪತ್ರೆಗೆ ಹೋಗಿ ಒಂದು ಸುತ್ತು ಹಾಕಿ. ಹಾಸಿಗೆ ಇದ್ದು ರೋಗಿಗಳೇ ಇಲ್ಲದಿದ್ದರೆ ನೀವು ಕಲಿಯುವುದು ಯಾರಿಂದ?

ವಾರ್ಡ್ ಪೋಸ್ಟಿಂಗ್ ಎಲ್ಲಿ ಹಾಕುತ್ತೀರಿ? ಹೆರಿಗೆ ಕೋಣೆಗೆ ಎಲ್ಲಿ ಕಳಿಸುತ್ತೀರಿ? ಈ ಪ್ರಶ್ನೆಯನ್ನು ಕಾಲೇಜು ಆಫೀಸಿಗಿಂತ ಮೂರನೇ ವರ್ಷದ ವಿದ್ಯಾರ್ಥಿನಿಗೆ ಗೇಟಿನ ಹೊರಗೆ ಕೇಳಿ. ಅವಳು ನಿಜ ಹೇಳುತ್ತಾಳೆ.

ಬಿ.ಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಕಾಲೇಜಿನ ಹೆಸರು ಇದೆಯೇ, ಜಿಎನ್‌ಎಂ ಆದರೆ ರಾಜ್ಯದ ನರ್ಸಿಂಗ್ ಡಿಪ್ಲೊಮಾ ಪರೀಕ್ಷಾ ಮಂಡಳಿಯ ಅಡಿ ಪರೀಕ್ಷೆ ನಡೆಯುತ್ತದೆಯೇ ನೋಡಿ. ಕೌನ್ಸಿಲ್ ಪಟ್ಟಿಯನ್ನೂ ಜೊತೆಗೇ ನೋಡಿ. ಈ ವರ್ಷದ ಪಟ್ಟಿ ನೋಡಬೇಕು, ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ ಹಳೆಯ ಪತ್ರವಲ್ಲ.

ಮುಖ್ಯವಾದ ಎಚ್ಚರಿಕೆ. "ಕ್ಲಾಸಿಗೆ ಬರೋದೇ ಬೇಡ, ಫೀಸ್ ಕಟ್ಟಿ, ಪರೀಕ್ಷೆಗೆ ಬನ್ನಿ, ಹಾಜರಿ ನಾವು ನೋಡ್ಕೋತೀವಿ" ಎನ್ನುವ ಏಜೆಂಟರು ಹಳ್ಳಿಹಳ್ಳಿಗೆ ಬರುತ್ತಾರೆ. ಹೊಲದ ಕೆಲಸ ನೋಡಿಕೊಂಡು ಡಿಗ್ರಿ ಬರುತ್ತದಲ್ಲ ಅಂತ ಮನೆಯವರಿಗೂ ಖುಷಿ. ದಯವಿಟ್ಟು ಒಪ್ಪಬೇಡಿ. ಬಿ.ಎಸ್ಸಿಯಲ್ಲಿ ಪರೀಕ್ಷೆಗೆ ಕೂರಲು ತರಗತಿಯಲ್ಲಿ ನೂರಕ್ಕೆ 80 ಹಾಜರಿ ಬೇಕು. ಡಿಗ್ರಿ ಕೈಗೆ ಬರುವ ಮುಂಚೆ ವಾರ್ಡ್ ಪೋಸ್ಟಿಂಗ್ ನೂರಕ್ಕೆ ನೂರು ಮುಗಿದಿರಬೇಕು. ನಿಯಮ ಬಿಡಿ, ಯೋಚನೆ ಮಾಡಿ: ಒಂದು ಸಲವೂ ಕ್ಯಾನುಲಾ (ಸಲೈನ್ ಕೊಡಲು ನರಕ್ಕೆ ಹಾಕುವ ಸಣ್ಣ ಕೊಳವೆ) ಹಾಕದ ಕೈ ರಾತ್ರಿ ಎರಡು ಗಂಟೆಗೆ ನಿಮ್ಮ ಅವ್ವನ ನರ ಹುಡುಕಿದರೆ ನಿಮಗೆ ಹೇಗಾಗುತ್ತದೆ?

ಒರಿಜಿನಲ್ ಅಂಕಪಟ್ಟಿಯನ್ನು ಏಜೆಂಟರ ಕೈಗೆ ಯಾವತ್ತೂ ಕೊಡಬೇಡಿ. ಕಾಲೇಜಿಗೆ ತೋರಿಸುವಾಗಲೂ ಪರಿಶೀಲಿಸಿ ವಾಪಸ್ ಕೇಳಿ. ಇಟ್ಟುಕೊಳ್ಳಲೇಬೇಕೆಂದರೆ ಸಹಿ, ಸೀಲು ಇರುವ ರಸೀದಿ ಪಡೆಯಿರಿ. ನಾಲ್ಕು ವರ್ಷದ ಒಟ್ಟು ಖರ್ಚನ್ನು, ಅಂದರೆ ಫೀಸು, ಹಾಸ್ಟೆಲ್, ಯೂನಿಫಾರ್ಮ್, ಪರೀಕ್ಷಾ ಶುಲ್ಕ, ಪೋಸ್ಟಿಂಗ್ ಬಸ್ಸು, ಎಲ್ಲ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಮೊದಲ ವರ್ಷದ ಫೀಸು ಮಾತ್ರ ಹೇಳಿ ಕೂರಿಸಿಕೊಳ್ಳುವ ಕಡೆ ಎರಡನೇ ವರ್ಷ ಅಪ್ಪ ಎತ್ತು ಮಾರಬೇಕಾಗುತ್ತದೆ.

7. ದುಡ್ಡಿನ ದಾರಿ

ರಾಜ್ಯದ ಹೆಚ್ಚಿನ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ. ಹಿಂದುಳಿದ ವರ್ಗದವರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಸರ್ಕಾರದ ಹಾಸ್ಟೆಲ್ ಇವೆ. ರೈತರ ಮಕ್ಕಳು ರೈತ ವಿದ್ಯಾನಿಧಿ ಸಿಗುತ್ತದೆಯೇ ಕೇಳಿ ನೋಡಿ. ಅಪ್ಪ ಅವ್ವ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದು ಕಾರ್ಮಿಕ ಕಾರ್ಡ್ ಇದ್ದರೆ ಕಾರ್ಮಿಕ ಮಂಡಳಿಯಿಂದ ಶೈಕ್ಷಣಿಕ ಸಹಾಯಧನ ಕೇಳಬಹುದು. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆ ಆಗಿರಲಿ. ಜೋಡಣೆ ಆಗದೆ ಹಣ ವಾಪಸ್ ಹೋಗುವುದು ಪ್ರತಿ ವರ್ಷದ ಗೋಳು.

ಕಡಿಮೆ ಬಿದ್ದರೆ ಶಿಕ್ಷಣ ಸಾಲ ಇದೆ. 4 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಸಾಮಾನ್ಯವಾಗಿ ಹೊಲ, ಮನೆ ಅಡವು ಕೇಳುವುದಿಲ್ಲ. ಕೈಸಾಲಕ್ಕಿಂತ ಇದು ಎಷ್ಟೋ ಮೇಲು.

8. ಸೇರಿದ ಮೊದಲ ತಿಂಗಳು

ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಇದು ರಕ್ತದಿಂದ ಹರಡುವ ಲಿವರ್ ಕಾಯಿಲೆ, ಸೂಜಿ ಚುಚ್ಚಿಕೊಂಡರೆ ನಮಗೇ ಅಂಟಬಹುದು. ಲಸಿಕೆ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕಾಲೇಜು ಹೇಳಲಿ ಅಂತ ಕಾಯಬೇಡಿ.

ಆಮೇಲೆ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಆರು ತಿಂಗಳು ಪುಸ್ತಕ ನೋಡಿ ಹೆದರುತ್ತಾರೆ, ನಾನೂ ಹೆದರಿದ್ದೆ. ಆದರೆ ವೈದ್ಯಕೀಯ ಪದಗಳು ತುಂಡು ತುಂಡಾಗಿ ಜೋಡಿಸಿದ ಪದಗಳು. "ಐಟಿಸ್" ಅಂದರೆ ಉರಿಯೂತ. "ಹೆಪಟ್" ಅಂದರೆ ಲಿವರ್. ಹೆಪಟೈಟಿಸ್ ಅಂದರೆ ಲಿವರಿನ ಉರಿಯೂತ. "ಗ್ಯಾಸ್ಟ್ರ್" ಹೊಟ್ಟೆ, ಹಾಗಾದರೆ ಗ್ಯಾಸ್ಟ್ರೈಟಿಸ್? ನಿಮಗೇ ಗೊತ್ತಾಯಿತು. "ಟ್ಯಾಕಿ" ಅಂದರೆ ವೇಗ, "ಬ್ರಾಡಿ" ಅಂದರೆ ನಿಧಾನ. ನಾಡಿ ಓಡಿದರೆ ಟ್ಯಾಕಿಕಾರ್ಡಿಯಾ, ನಿಧಾನವಾದರೆ ಬ್ರಾಡಿಕಾರ್ಡಿಯಾ. ದಿನಕ್ಕೆ ಐದು ತುಂಡು ಬರೆದು ಕಲಿತರೆ ವರ್ಷದೊಳಗೆ ಕೇಸ್ ಶೀಟ್ ಓದಲು ಬರುತ್ತದೆ.

ಮನೆಯವರು ನೈಟ್ ಡ್ಯೂಟಿ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಇರುತ್ತದೆ, ತಪ್ಪುವುದಿಲ್ಲ. ಹಾಸ್ಟೆಲ್ ಎಲ್ಲಿದೆ, ಆಸ್ಪತ್ರೆಗೆ ಎಷ್ಟು ದೂರ, ರಾತ್ರಿ ಯಾರ ಜೊತೆ ಹೋಗುತ್ತೀರಿ ಅಂತ ಒಮ್ಮೆ ಕರೆದುಕೊಂಡು ಹೋಗಿ ತೋರಿಸಿ. ನೋಡಿದ ಮೇಲೆ ಎಷ್ಟೋ ಅಪ್ಪಂದಿರು ಸುಮ್ಮನಾಗುತ್ತಾರೆ.

9. ಪಾಸಾದ ಮೇಲೆ

ಫಲಿತಾಂಶ ಬಂದ ಕೂಡಲೇ ಕೌನ್ಸಿಲ್‌ಗೆ ರಿಜಿಸ್ಟ್ರೇಷನ್ ಅರ್ಜಿ ಹಾಕಿ. "ಮೊದಲು ಕೆಲಸ ಸಿಗಲಿ" ಅಂತ ಮುಂದೂಡಬೇಡಿ, ನೌಕರಿ ಅರ್ಜಿಯ ಕೊನೆಯ ದಿನಕ್ಕೆ ನಂಬರ್ ಕೈಯಲ್ಲಿ ಇರಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಸ್ಟಾಫ್ ನರ್ಸ್ ಹುದ್ದೆಗೆ ಈಗ ಶುಶ್ರೂಷಾಧಿಕಾರಿ ಅಂತ ಹೆಸರು, ಪ್ರಕಟಣೆಯಲ್ಲಿ ಆ ಹೆಸರನ್ನೇ ಹುಡುಕಿ. ಬಿ.ಎಸ್ಸಿ ಆದವರಿಗೆ ಹಳ್ಳಿಯ ಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿ ಹುದ್ದೆಗಳಿವೆ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಿಗೆ ನಾರ್ಸೆಟ್ ಅಂತ ಬೇರೆ ಪರೀಕ್ಷೆ ಇದೆ, ನಮ್ಮವರು ಬರೆಯುವುದೇ ಕಮ್ಮಿ. ಬರೆಯಿರಿ.

ರಿಜಿಸ್ಟ್ರೇಷನ್ ಪತ್ರ ಕೈಗೆ ಬಂದ ದಿನ, ಚೀಲಕ್ಕೆ ಹಾಕುವ ಮುಂಚೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಪಕ್ಕದಲ್ಲಿಟ್ಟು ನಿಮ್ಮ ಹೆಸರನ್ನು ಒಂದೊಂದೇ ಅಕ್ಷರ ಓದಿ. ತಪ್ಪಿದ್ದರೆ ಅವತ್ತೇ ತಿದ್ದುಪಡಿಗೆ ಅರ್ಜಿ ಕೊಡಿ.